ಮಾದರಿ ಹೆಸರುಗಳು

ಕೆಲಸಕ್ಕೆ ಸೇರಿದ ಮೊದಲ ವಾರವೇ ಸುರೈಯಾ ಅಶ್ಫಾಕನ ಜೊತೆ ಜಗಳ ತೆಗೆದಳು. ತಪ್ಪು ಅವನದೇ. ಯಾರದೋ ಬಾಡಿಗೆ ಕರಾರಿನಲ್ಲಿ ಹೆಸರು ಬರಬೇಕಾದ ಕಡೆ ಚುಕ್ಕಿಗಳು ಹಾಗೇ ಉಳಿದು, ಕಾಗದಕ್ಕೆ ಸಹಿಯೂ ಬಿದ್ದು, ಆಮೇಲೆ ಅದು ವಾಪಸು ಬಂದಿತ್ತು. ಆದರೆ ಬೈಸಿಕೊಂಡವಳು ಸುರೈಯಾ. ಗಿರಾಕಿ ಕೂಗಾಡುತ್ತ ಬಂದ ಹೊತ್ತಿಗೆ ಅಶ್ಫಾಕ ಎದುರಿನ ಸಕ್ರವ್ವನ ಅಂಗಡಿಯಲ್ಲಿ ಆರಾಮಾಗಿ ಚಹಾ ಕುಡಿಯುತ್ತಿದ್ದ.

ಅವನು ಬಾಯಿ ಒರೆಸಿಕೊಳ್ಳುತ್ತ ಒಳಗೆ ಬಂದಾಗ ಅವಳು ಆ ಕಾಗದವನ್ನು ಅವನ ಕೀಬೋರ್ಡಿನ ಮೇಲೆ ಇಟ್ಟಳು. ಅವನು ಕಾಗದ ನೋಡಲಿಲ್ಲ, ಅವಳನ್ನು ನೋಡಿದ. ಸಿಟ್ಟಿಗೆ ಅವಳ ಮೂಗಿನ ತುದಿ ಕೆಂಪಾಗಿತ್ತು. ಅಲ್ಲಿಗೆ ಅವನ ಕತೆ ಮುಗಿಯಿತು ಎಂದು ನಾನು ಈಗಲೇ ಹೇಳಿಬಿಡುತ್ತೇನೆ. ಉಳಿದದ್ದೆಲ್ಲ ಅವನು ತಡ ಮಾಡಿದ್ದರ ಕತೆ.

ತಿಕೋಟಾದ ತಹಶೀಲ್ದಾರ ಕಚೇರಿಯ ಎದುರು ಪೀರಸಾಬರ ಟೈಪಿಂಗ್ ಸೆಂಟರ್ ಇದೆ. ಪೀರಸಾಬರು ಟೈಪ್‌ರೈಟರ್ ಕಾಲದ ಮನುಷ್ಯ. ಈಗ ಹಣೆಗೆ ಕನ್ನಡಕ ಏರಿಸಿಕೊಂಡು ಗಲ್ಲಾ ಹತ್ತಿರ ಕೂರುತ್ತಾರೆ. ಖರೀದಿ ಪತ್ರ, ಕರಾರು, ಅಫಿಡವಿಟ್, ಮದುವೆ ಸೀಸನ್ ಬಂದರೆ ಲಗ್ನಪತ್ರಿಕೆಯ ಮಜಕೂರು. ವರ್ಷವಿಡೀ ಅವೇ ಸಾಲುಗಳು. ಅಶ್ಫಾಕ ಅವನ್ನೆಲ್ಲ ಹಳೆಯ ಫೈಲುಗಳಿಂದ ಎತ್ತಿ ಹಾಕುತ್ತಿದ್ದ, ಎತ್ತುವಾಗ ಅರ್ಧ ಮರೆಯುತ್ತಿದ್ದ.

ಸುರೈಯಾ ಇದನ್ನು ಸರಿ ಮಾಡಿದಳು. ಒಂದೊಂದು ಪ್ಯಾರಾವನ್ನೂ ತಿದ್ದಿ, ಎರಡೆರಡು ಅಕ್ಷರದ ಗುರುತು ಕೊಟ್ಟು ವರ್ಡಿನಲ್ಲಿ ಉಳಿಸಿದಳು. ‘ಕರ’ ಎಂದು ಬರೆದು ಎಫ್-3 ಒತ್ತಿದರೆ ಇಡೀ ಕರಾರು ಇಳಿಯುತ್ತಿತ್ತು. ‘ಖರ’ ಎಂದರೆ ಖರೀದಿ ಪತ್ರ. ಹೊಸದೇನು ಮಾಡಿದರೂ ಸಂಜೆ ಹೋಗುವ ಮುಂದೆ ಆ ಫೈಲನ್ನು ಇಬ್ಬರಿಗೂ ಕಾಣುವ ಫೋಲ್ಡರಿಗೆ ಹಾಕುವಳು. ಬೆಳಿಗ್ಗೆ ಅದು ಅಶ್ಫಾಕನ ಮಷಿನ್ನಿನಲ್ಲಿ ಸಿದ್ಧವಾಗಿರುವುದು. ಚುಕ್ಕಿಗಳನ್ನು ಮಾತ್ರ ಅವಳು ಪೂರ್ತಿ ಬಂದ್ ಮಾಡಿದಳು. ಹೆಸರು ಬರುವ ಕಡೆಯೆಲ್ಲ ಯಾರದಾದರೂ ಹೆಸರನ್ನೇ ಇಟ್ಟಳು.

"ಖಾಲಿ ಜಾಗ ಕಣ್ಣಿಗೆ ಬೀಳೂದಿಲ್ರಿ" ಎಂದಳು. "ತಪ್ಪ ಹೆಸರು ಇದ್ರ ಬೀಳತೈತಿ."

ಹಾಗಾಗಿ ಕರಾರಿನಲ್ಲಿ ಪೀರಸಾಬರು ಮನೆಯ ಮಾಲಕರಾದರು, ಸಕ್ರವ್ವ ಬಾಡಿಗೆದಾರಳಾದಳು. ಖರೀದಿ ಪತ್ರದಲ್ಲಿ ಸಕ್ರವ್ವ ಪೀರಸಾಬರ ಹೊಲವನ್ನೇ ಹಿಡಿದಳು. ಈ ಸುದ್ದಿ ಚಹಾ ಅಂಗಡಿಗೆ ಮುಟ್ಟಿದ ದಿನ ಸಕ್ರವ್ವ ಬಾಗಿಲಲ್ಲಿ ನಿಂತು ಕಬ್ಜಾ ಯಾವಾಗ ಕೊಡುತ್ತೀರಿ ಎಂದು ಪೀರಸಾಬರನ್ನು ಕೇಳಿದಳು. ಅವರು ನಕ್ಕು ನಕ್ಕು ಕೆಮ್ಮಿದರು.

ಇಬ್ಬರ ಮಷಿನ್ನುಗಳೂ ಎದುರುಬದುರು. ಅಶ್ಫಾಕನಿಗೆ ಅವಳು ಕಾಣುತ್ತಿದ್ದದ್ದು ಮಾನಿಟರಿನ ಮೇಲಿನ ಅಂಚಿನಿಂದ ಮೇಲಕ್ಕೆ ಮಾತ್ರ: ಹಣೆ, ದುಪಟ್ಟಾದ ಅಂಚು, ಎರಡು ಕಣ್ಣು. ಹೊಸ ತುಣುಕು ಏನಾದರೂ ಸೇರಿಸಿದ್ದರೆ ಮರುದಿನ ಅವನು ಅದನ್ನು ಒತ್ತುವ ಹೊತ್ತಿಗೆ ಸರಿಯಾಗಿ ಆ ಕಣ್ಣುಗಳು ಏಳುತ್ತಿದ್ದವು. ಒಂದು ಬೆಳಿಗ್ಗೆ ‘ಚಹ’ ಎಂಬ ಹೊಸ ಗುರುತು ಕಂಡು ಅವನು ಒತ್ತಿದ. ‘ಚಹಾ ಆರಾಕತ್ತೈತಿ, ಮೊದಲ ಕುಡೀರಿ’ ಎಂಬ ಸಾಲು ಇಳಿಯಿತು. ತಲೆ ಎತ್ತಿದರೆ ಕಣ್ಣು ಅಲ್ಲೇ ಇದ್ದವು. ಅವು ನಗುವುದನ್ನು ಮುಚ್ಚಿಡಲು ಅವಳಿಗೆ ಬರುತ್ತಿರಲಿಲ್ಲ.

ಮನೆಯಲ್ಲಿ ಇಬ್ಬರ ಮಾತೂ ಉರ್ದು. ಅಂಗಡಿಯಲ್ಲಿ ಮಾತ್ರ ಅದೇಕೋ ಕನ್ನಡವೇ ಆಡುತ್ತಿದ್ದರು. ಅವರ ನಡುವಿನ ಮಾತೆಲ್ಲ ಹುಟ್ಟಿದ್ದು ಆ ಕೀಬೋರ್ಡಿನಲ್ಲಿ, ಅದಕ್ಕಿರಬೇಕು. ಸಂಜೆ ಒಂದೇ ಬಸ್ಸಿನಲ್ಲಿ ವಿಜಯಪುರಕ್ಕೆ ಹೋಗುವರು. ಅವಳು ಮುಂದೆ, ಅವನು ಹಿಂದೆ. ತೊರವಿಯಲ್ಲಿ ಜನ ಇಳಿದರೆ ಅವಳ ಹಿಂದಿನ ಸೀಟು ಖಾಲಿಯಾಗುತ್ತಿತ್ತು. ಅವಳು ಒಮ್ಮೆ ಹೊರಳಿ ನೋಡುವಳು. ಇವನು ಎದ್ದು ಹೋಗಿ ಅಲ್ಲಿ ಕೂರಬಹುದಿತ್ತು. ಕೂರಲಿಲ್ಲ. ಬಸ್ಸಿನಲ್ಲಿ ಯಾರಾದರೂ ಅವಳ ಮನೆಯ ಕಡೆಯ, ಜೋರಾಪುರ ಪೇಟೆಯವರಿದ್ದರೆ ಅವಳ ಮೇಲೆ ಮಾತು ಬರುತ್ತದಲ್ಲ ಎಂಬ ಭಯ. ಒಳ್ಳೆಯ ಹುಡುಗನೇ, ಆದರೆ ಈ ಒಳ್ಳೆಯತನ ತಗೊಂಡು ಏನು ಮಾಡುವುದು?

ಮದುವೆ ಸೀಸನ್ ಶುರುವಾಗುವ ಮುಂದೆ ನಿಕಾಹದ ಪತ್ರಿಕೆಗೂ ಒಂದು ತುಣುಕು ಬೇಕಾಯಿತು. ಸುರೈಯಾ ಸಂಜೆ ಕೂತು ಮಾಡಿದಳು. ಬೆಳಿಗ್ಗೆ ಗಿರಾಕಿಯೊಬ್ಬನನ್ನು ಪಕ್ಕ ಕೂರಿಸಿಕೊಂಡು ಅಶ್ಫಾಕ ‘ನಿಕ’ ಎಂದು ಬರೆದು ಒತ್ತಿದ. ಅಲ್ಲಾಹನ ಕೃಪೆಯಿಂದ, ಜೋರಾಪುರ ಪೇಟೆಯ ಅಬ್ದುಲಗನಿ ಇವರ ಸುಪುತ್ರಿ ಸುರೈಯಾ ಇವಳ ನಿಕಾಹವನ್ನು, ಇಬ್ರಾಹಿಂಪುರದ ಪೀರಾಂಬಿ ಇವರ ಸುಪುತ್ರ ಅಶ್ಫಾಕ ಇವರೊಂದಿಗೆ ನಿಶ್ಚಯಿಸಿದ್ದು, ತಾವು ಕುಟುಂಬ ಸಮೇತ ಬರಬೇಕು.

ಅವನ ಕೈ ಹಾಗೇ ನಿಂತಿತು. ತಲೆ ಎತ್ತಿ ನೋಡಿದ. ಮಾನಿಟರಿನ ಮೇಲೆ ಕಣ್ಣುಗಳಿರಲಿಲ್ಲ. ಅವಳು ತಲೆ ಬಗ್ಗಿಸಿ, ತುಂಬಿದ್ದ ಸ್ಟೇಪ್ಲರಿಗೆ ಮತ್ತೆ ಪಿನ್ನು ತುಂಬುತ್ತಿದ್ದಳು.

ಅವಳು ನೋಡದೇ ಇದ್ದದ್ದು ಅದೊಂದೇ ಸಲ. ಆ ಒಂದನ್ನೇ ಅರ್ಥ ಮಾಡಿಕೊಂಡಿದ್ದರೆ ಸಾಕಾಗಿತ್ತು. ಅಶ್ಫಾಕ ಏನು ತಿಳಿದ ಗೊತ್ತೇ? ಪೀರಸಾಬರು, ಸಕ್ರವ್ವ ಇದ್ದ ಹಾಗೆ ಇದೂ ಮಾದರಿ ಹೆಸರು ಎಂದು ತಿಳಿದ. ತಮಾಷೆಯೇ ಆಗಿದ್ದರೆ ಕೇಳಿ ಅವಳ ಮುಂದೆ ಸಣ್ಣವನಾಗುವುದು ಯಾಕೆ ಎಂದುಕೊಂಡ. ಅಳಿಸಲಂತೂ ಮನಸ್ಸು ಬರಲಿಲ್ಲ. ಗಿರಾಕಿಯ ಮಗಳ ಹೆಸರು, ಅಳಿಯನ ಹೆಸರು ಬರೆದು ಪ್ರಿಂಟ್ ತೆಗೆದ.

ಆಮೇಲೆ ಎಷ್ಟು ಪತ್ರಿಕೆಗಳಾದವೋ. ಪ್ರತಿ ಸಲವೂ ಮೊದಲು ಇಳಿಯುತ್ತಿದ್ದದ್ದು ಅವರಿಬ್ಬರ ಮದುವೆ. ಅವನು ಒಂದು ಗಳಿಗೆ ಸುಮ್ಮನೆ ನೋಡುತ್ತಿದ್ದ, ಆಮೇಲೆ ಅದರ ಮೇಲೆ ಯಾರ್ಯಾರದೋ ಹೆಸರು ಬರೆಯುತ್ತಿದ್ದ. ಆ ಗಳಿಗೆಯ ಸಲುವಾಗಿಯೇ ಅವನಿಗೆ ಮದುವೆಯ ಗಿರಾಕಿಗಳು ಬೇಕೆನಿಸುತ್ತಿದ್ದರು. ಅವಳು ಆಚೆ ಕೂತು, ಅವನ ಕೀಬೋರ್ಡಿನ ಸದ್ದು ನಿಲ್ಲುವುದನ್ನೂ ಮತ್ತೆ ಶುರುವಾಗುವುದನ್ನೂ ಕೇಳುತ್ತಿದ್ದಳು.

ಅಶ್ಫಾಕನ ಮನೆಯಲ್ಲಿ ಬೇರೊಂದು ಗಂಟಿತ್ತು. ತಂಗಿ ತಸ್ಲೀಮಳಿಗೆ ಗಟ್ಟಿಯಾಗಿದ್ದ ಸಂಬಂಧವೊಂದು ಜನರ ಬಾಯಿಂದ ಮುರಿದಿತ್ತು. ತಂಗಿ ಮನೆಯಲ್ಲಿರುವಾಗ ಅಣ್ಣನ ಮದುವೆಯ ಮಾತು ಯಾರ ಬಾಯಲ್ಲೂ ಬರಕೂಡದು ಎಂದು ತಾಯಿ ಪೀರಾಂಬಿ ಅವನಿಂದ ಆಣೆ ಮಾಡಿಸಿಕೊಂಡಿದ್ದಳು. ಅವನೂ ಎಲ್ಲ ಸಾಲಾಗಿ ಆಗಲಿ ಎಂದುಕೊಂಡಿದ್ದ: ಮೊದಲು ತಂಗಿ, ಆಮೇಲೆ ಹಿರಿಯರನ್ನು ಕರೆದುಕೊಂಡು ಅಬ್ದುಲಗನಿಯವರ ಮನೆ. ಈ ಸಾಲು ಸುರೈಯಾಗೆ ಗೊತ್ತಿಲ್ಲ ಎಂಬುದು ಅವನ ತಲೆಗೆ ಬರಲೇ ಇಲ್ಲ.

ಕೊನೆಗೂ ತಸ್ಲೀಮಳಿಗೆ ಗಂಡು ಸಿಕ್ಕಿತು. ಆ ಪತ್ರಿಕೆಯನ್ನು ಅಶ್ಫಾಕ ಹಾಡು ಗುನುಗುತ್ತ ಟೈಪ್ ಮಾಡಿದ. ಮಾನಿಟರಿನ ಮೇಲೆ ಕಣ್ಣುಗಳು ಎದ್ದವು.

"ತಂಗೀದು ಆತು" ಎಂದಳು ಸುರೈಯಾ. "ಇನ್ನ ನಿಮ್ಮ ಮನ್ಯಾಗ ಯಾರ ಪಾಳಿರಿ?"

ಅವಳ ದನಿಯಲ್ಲಿ ತಮಾಷೆ ಇತ್ತು, ಕಣ್ಣಲ್ಲಿ ಇರಲಿಲ್ಲ. ಉತ್ತರ ಅಶ್ಫಾಕನ ನಾಲಿಗೆಯ ತುದಿಗೆ ಬಂದಿತ್ತು. ತಾಯಿಯ ಆಣೆ ನೆನಪಾಯಿತು.

"ನೋಡೋಣ್ರಿ" ಎಂದ.

ನೋಡೋಣ ಎಂದು ಹೋದ ಗಿರಾಕಿ ಯಾವತ್ತಾದರೂ ಮರಳಿ ಬಂದದ್ದುಂಟೇ? ಆ ಅಂಗಡಿಯಲ್ಲಿ ಕೂತು ಅವಳು ದಿನಾ ಕೇಳುತ್ತಿದ್ದ ಮಾತು ಅದು. ಬೇಡ ಎನ್ನಲು ಮನಸ್ಸಾಗದ ಮರ್ಯಾದಸ್ಥರು ಹಾಗೆ ಹೇಳಿ ಚಪ್ಪಲಿ ಮೆಟ್ಟುತ್ತಾರೆ. ಕಣ್ಣುಗಳು ಮಾನಿಟರಿನ ಹಿಂದೆ ಇಳಿದವು. ಆ ದಿನ ಬಸ್ಸಿನಲ್ಲಿ ತೊರವಿ ಬಂದರೂ ಅವಳು ಹೊರಳಿ ನೋಡಲಿಲ್ಲ. ಅವಳಿಗೆ ನಿದ್ದೆ ಬಂದಿರಬೇಕು ಎಂದುಕೊಂಡ ಅವನು.

ತಸ್ಲೀಮ ಗಂಡನ ಮನೆಗೆ ಹೋದ ಮೇಲಿನ ಶುಕ್ರವಾರ ಅಶ್ಫಾಕ ಪೀರಸಾಬರ ಮುಂದೆ ಬಾಯಿ ಬಿಟ್ಟ. ಸುರೈಯಾ ಅಂದು ರಜೆಯಲ್ಲಿದ್ದಳು. ಪೀರಸಾಬರು ಹಣೆಯ ಮೇಲಿನ ಕನ್ನಡಕ ಇಳಿಸಿ ಅವನನ್ನು ನೋಡಿದರು. "ಇಷ್ಟ ದಿನ ಏನ ಕಾಯಾಕತ್ತಿದ್ದಿ ಲೇ" ಎಂದು ಬೈದು, ಆ ಸಂಜೆಯೇ ಹೊರಟರು. ಅಶ್ಫಾಕ ಹೊಸ ಅಂಗಿ ತೊಟ್ಟಿದ್ದ.

ಜೋರಾಪುರ ಪೇಟೆಯಲ್ಲಿ ಅಬ್ದುಲಗನಿಯವರ ಗಾದಿ ಅಂಗಡಿ ಮುಚ್ಚಿತ್ತು. ಅದರ ಹಿಂದೆಯೇ ಇದ್ದ ಮನೆಯ ಬಾಗಿಲಲ್ಲಿ ರಾಶಿ ಚಪ್ಪಲಿಗಳು. ಪೀರಸಾಬರು ಅಲ್ಲೇ ತಡೆದು ನಿಂತರು. ಅಷ್ಟರಲ್ಲಿ ಅಬ್ದುಲಗನಿಯವರೇ ಹೊರಗೆ ಬಂದು, ಹೇಳಿ ಕಳಿಸುವ ಮೊದಲೇ ಬಂದಿರಲ್ಲ ಎಂದು ಇಬ್ಬರನ್ನೂ ಒಳಗೆ ಕರೆದೊಯ್ದರು. ಬಬಲೇಶ್ವರದವರು ಹೆಣ್ಣು ನೋಡಲು ಬಂದು ಇದೀಗ ಗಟ್ಟಿ ಮಾಡಿಕೊಂಡಿದ್ದರು. ಹುಡುಗ ಸಲ್ಮಾನ, ಟೈಲ್ಸ್ ಅಂಗಡಿ ಇಟ್ಟಿದ್ದಾನೆ. ಇಷ್ಟು ದಿನ ಯಾವ ಸಂಬಂಧ ಬಂದರೂ ಬೇಡ ಎನ್ನುತ್ತಿದ್ದ ಮಗಳು ಈ ಸಲ ತಾನೇ ಹೂಂ ಎಂದಳು ಎಂದು ಹೇಳುತ್ತ, ಆ ಮುದುಕ ಸಂತೋಷದಿಂದ ಅಶ್ಫಾಕನ ಬಾಯಿಗೆ ಪೇಡೆ ಇಟ್ಟರು.

ಒಳಬಾಗಿಲಲ್ಲಿ ಹೆಂಗಸರು ನಿಂತಿದ್ದರು. ಅವರ ಹೆಗಲ ಮೇಲಿನಿಂದ ಎರಡು ಕಣ್ಣು ಅವನನ್ನೂ ಅವನ ಹೊಸ ಅಂಗಿಯನ್ನೂ ನೋಡಿದವು. ಅವನು ತಲೆ ತಗ್ಗಿಸಿದ. ಪೇಡೆ ಬಾಯಲ್ಲಿತ್ತು, ನುಂಗಲೇಬೇಕಾಯಿತು. ಪೀರಸಾಬರು ಅವನ ತೋಳು ಗಟ್ಟಿಯಾಗಿ ಹಿಡಿದು ಮುಬಾರಕ್ ಹೇಳಿ ಹೊರಗೆ ಕರೆತಂದರು.

ಕೆಲವು ದಿನ ಕಳೆದು ಸುರೈಯಾ ಅಂಗಡಿಗೆ ಬಂದಳು. ತನ್ನ ಜಾಗಕ್ಕೆ ಹೋಗದೆ, ಅಶ್ಫಾಕನ ಪಕ್ಕದಲ್ಲಿ ಗಿರಾಕಿಗಳು ಕೂರುವ ಕುರ್ಚಿಯಲ್ಲಿ ಕೂತಳು. ಪೀರಸಾಬರು ನಮಾಜಿಗೆ ಹೊತ್ತಾಯಿತು ಎಂದು ಎದ್ದು ಹೋದರು. ಹೊತ್ತು ಆಗಿರಲಿಲ್ಲ.

ಅವಳ ಪತ್ರಿಕೆ ಅವನೇ ಟೈಪ್ ಮಾಡಬೇಕಾಗಿತ್ತು. ಹಾಗೆಂದು ಅಬ್ಬಾ ಹೇಳಿದ್ದಾರೆ ಎಂದಳು. ಅವನು ‘ನಿಕ’ ಎಂದು ಬರೆದು ಒತ್ತಿದ. ಅವರಿಬ್ಬರ ಮದುವೆ ಇಳಿಯಿತು. ಇಷ್ಟು ಹತ್ತಿರ ಕೂತು ಇಬ್ಬರೂ ಅದನ್ನು ನೋಡಿದ್ದು ಅದೇ ಮೊದಲು. ವಧುವಿನ ಕಡೆಯಲ್ಲಿ ತಿದ್ದುವಂಥದ್ದು ಏನೂ ಇರಲಿಲ್ಲ. ಅಬ್ದುಲಗನಿ ಸರಿ ಇತ್ತು, ಜೋರಾಪುರ ಪೇಟೆ ಸರಿ ಇತ್ತು, ಸುರೈಯಾ ಸರಿ ಇತ್ತು. ತೆಗೆಯಬೇಕಾದದ್ದು ಅವನೊಬ್ಬನನ್ನೇ.

"ಅವತ್ತ ನಮ್ಮ ಮನಿಗೆ ಯಾಕ ಬಂದಿದ್ರಿ?" ಪರದೆಯನ್ನೇ ನೋಡುತ್ತ ಕೇಳಿದಳು.

"ನಿಮ್ಮನ್ನ ಕೇಳಾಕ."

ಅವಳು ಉಸಿರು ಬಿಟ್ಟದ್ದು ಅವನಿಗೆ ಕೇಳಿಸಿತು. "ಇದನ್ನ ನೋಡಿ ಏನ ತಿಳದಿದ್ರಿ ಇಷ್ಟ ದಿನ?"

"ಮಾದರಿ ಅಂತ ತಿಳದಿದ್ದೆ. ಪೀರಸಾಬರು, ಸಕ್ರವ್ವ ಇದ್ದಂಗ."

"ಪೀರಸಾಬರ ಹೊಲ ಸಕ್ರವ್ವ ಹಿಡಿಯೂದಿಲ್ಲ ಅಂತ ಎಲ್ಲಾರಿಗೂ ಗೊತ್ತೈತಿ. ಇದು ಆಗೂ ಮಾತಿತ್ತಲ್ರಿ."

ಅವನು ತಂಗಿಯ ವಿಷಯ, ತಾಯಿಯ ಆಣೆ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದ. ಮೊದಲ ವಾರ ಅವಳ ಮೂಗಿನ ತುದಿ ಕೆಂಪಾದಾಗಿನಿಂದ ಅವಳೇ ಬೇಕಾಗಿದ್ದಳು ಎಂಬುದನ್ನೂ ಹೇಳಿದ. ಅದು ಅವಳು ಎಷ್ಟೋ ದಿನ ಕಾದ ಮಾತು. ಕೇಳಿ ಅವಳು ಅತ್ತಳು, ಸದ್ದಿಲ್ಲದೆ, ದುಪಟ್ಟಾದ ಅಂಚನ್ನು ಬಾಯಿಗೆ ಒತ್ತಿಕೊಂಡು.

"ಈಗ ಏನೂ ಮಾಡಾಕ ಬರೂದಿಲ್ಲೇನ್ರಿ?" ಎಂದ ಅವನು.

"ಅಬ್ಬಾ ಮಾತ ಕೊಟ್ಟಾರ. ನಾನೂ ಹೂಂ ಅಂದೇನಿ." ಅವಳು ಕಣ್ಣು ಒರೆಸಿಕೊಂಡಳು. "ನಾ ನೋಡೋಣ ಅಂದಿಲ್ರಿ. ಟೈಪ ಮಾಡ್ರಿ."

ಅವನು ತನ್ನ ತಾಯಿಯ ಹೆಸರು ಅಳಿಸಿದ, ಇಬ್ರಾಹಿಂಪುರ ಅಳಿಸಿದ, ತನ್ನ ಹೆಸರು ಅಳಿಸಿ ಸಲ್ಮಾನ ಎಂದು ಬರೆದ. ಟೈಪ್ ಆದ ಮೇಲೆ ಒಬ್ಬರು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಕೇಳಿ ಹೂಂ ಎನ್ನಬೇಕು ಎಂಬುದೂ ಅವಳೇ ಆ ಅಂಗಡಿಗೆ ತಂದ ರೂಢಿ. ಅವನು ಓದಿದ. ಪ್ರತಿ ಸಾಲಿಗೂ ಅವಳು ಹೂಂ ಎಂದಳು. ವರನ ಹೆಸರು ಬಂದಾಗ ಅವನ ದನಿ ನಿಂತಿತು, ಅವಳು ಕಾದಳು, ಅವನು ಓದಿದ ಮೇಲೆ ಅದಕ್ಕೂ ಹೂಂ ಎಂದಳು. ಆಮೇಲೆ ತನ್ನ ಜಾಗಕ್ಕೆ ಹೋಗಿ ಸ್ವಲ್ಪ ಹೊತ್ತು ಏನೋ ಕೆಲಸ ಮಾಡಿ, ಮಷಿನ್ ಬಂದ್ ಮಾಡಿ, ಒಬ್ಬಳೇ ಬಸ್ಸಿಗೆ ಹೋದಳು.

ಅವಳ ಮದುವೆಯಾಯಿತು. ಬಬಲೇಶ್ವರಕ್ಕೆ ಹೋಗುವ ಬಸ್ಸಿನ ದಾರಿಯೇ ಬೇರೆ. ಅವಳ ಜಾಗಕ್ಕೆ ಪೂನಮ ಎಂಬ ಹುಡುಗಿ ಬಂದಳು, ಗಟ್ಟಿಗಿತ್ತಿ, ಬೇಗ ಕಲಿತಳು. ಮಾನಿಟರಿನ ಮೇಲೆ ಈಗ ಬೇರೆ ಕಣ್ಣುಗಳಿದ್ದವು. ಅಶ್ಫಾಕ ತಲೆ ಎತ್ತುವುದನ್ನು ಬಿಟ್ಟಿದ್ದ. ಅವನ ಬೆರಳಿನಡಿ ದಿನವಿಡೀ ಸುರೈಯಾ ತಿದ್ದಿದ ಸಾಲುಗಳೇ ಇಳಿಯುತ್ತಿದ್ದವು, ಸಕ್ರವ್ವ ಪೀರಸಾಬರ ಹೊಲವನ್ನು ದಿನಾ ಖರೀದಿ ಮಾಡುತ್ತಿದ್ದಳು.

ಅವಳು ಹೋದ ಮೇಲೆ ಬಂದ ಮೊದಲ ಮದುವೆಯ ಗಿರಾಕಿ ತೊರವಿಯವನು. ಅಶ್ಫಾಕ ‘ನಿಕ’ ಎಂದು ಬರೆದ. ಎಫ್-3 ಒತ್ತುವ ಮುಂದೆ, ರೂಢಿಯಂತೆ, ಆ ಒಂದು ಗಳಿಗೆಗೆ ಮನಸ್ಸು ಗಟ್ಟಿ ಮಾಡಿಕೊಂಡ. ಒತ್ತಿದ.

ವಧುವಿನ ಹೆಸರಿನ ಕಡೆ ಚುಕ್ಕಿಗಳಿದ್ದವು. ವರನ ಹೆಸರಿನ ಕಡೆ ಚುಕ್ಕಿಗಳಿದ್ದವು. ತನ್ನ ಪತ್ರಿಕೆ ಟೈಪ್ ಮಾಡಿಸಿದ ದಿನ, ಹೋಗುವ ಮುಂದೆ ಅವಳು ಕೂತು ಮಾಡಿದ ಕೆಲಸ ಅದು.

ಪೂನಮ ಎದ್ದು ಬಂದು ನೋಡಿ, ಉಳಿದ ಎಲ್ಲದರಲ್ಲೂ ಹೆಸರುಗಳಿವೆ, ಇದಕ್ಕೂ ಯಾವುದಾದರೂ ಹೆಸರು ಹಾಕಿಡಲೇ ಎಂದು ಕೇಳಿದಳು. ಬೇಡ, ಇರಲಿ ಎಂದ ಅಶ್ಫಾಕ. ಗಿರಾಕಿಯ ಮಗಳ ಹೆಸರನ್ನೂ ಅಳಿಯನ ಹೆಸರನ್ನೂ ಚುಕ್ಕಿಗಳ ಜಾಗದಲ್ಲಿ ಒಂದೊಂದೇ ಅಕ್ಷರವಾಗಿ ಬರೆದು ಪ್ರಿಂಟ್ ಕೊಟ್ಟ. ಗಿರಾಕಿ ಕಾಗದವನ್ನು ಬೆಳಕಿಗೆ ಹಿಡಿದು, ಎಲ್ಲೂ ಖಾಲಿ ಬಿಟ್ಟಿಲ್ಲ ತಾನೇ ಎಂದು ಕೇಳಿದ.

"ಇಲ್ರಿ" ಎಂದ ಅಶ್ಫಾಕ. "ಎಲ್ಲಾ ತುಂಬೇನಿ. ಏನೂ ಉಳದಿಲ್ಲ."