ಏಳನೆಯ ಕೈಪಟ್ಟಿ

ಸ್ಟಾರ್ಟರ್ ಹದಿನಾಲ್ಕನೆಯ ಸಲ ತಿರುಗಿತು. ಎಂಜಿನ್ ಗರಗರ ಎಂದಿತೇ ಹೊರತು ಹೊತ್ತಿಕೊಳ್ಳಲಿಲ್ಲ. ಚುಕ್ಕಾಣಿಯ ಪಕ್ಕದ ಪರದೆಯಲ್ಲಿ ಅದೇ ಸಾಲು: ‘ಏಳರಲ್ಲಿ ಆರು.’

“ಡೀಸೆಲ್ ಅದೆ. ಫಿಲ್ಟರ್ ನಿನ್ನೆ ಹಾಕಿದ್ದು. ಗಾಳಿ ಹಿಡಿದದ್ಯಾ ಹೇಳಿ ಪೈಪೂ ಬಿಚ್ಚಿ ನೋಡ್ದೆ,” ಎಂದ ಡ್ರೈವರ್ ಗಿರಿಯ. “ಪಂಪಿಗೆ ಎಣ್ಣೇನೇ ಬರ್ತಿಲ್ಲ. ಇದು ಎಂಜಿನ್ ರೋಗ ಅಲ್ಲ, ತಂಡೇಲರೆ.”

ತಂಡೇಲ, ಅಂದರೆ ದೋಣಿಯ ಮುಖ್ಯಸ್ಥ, ಮಾಸ್ತಿ ಹರಿಕಾಂತ ದಡವನ್ನು ಕರೆಯಲು ರೇಡಿಯೊ ಎತ್ತಿಕೊಂಡ. ಬೆಳಿಗ್ಗೆ ಏಳಕ್ಕೆ ಬಲೆ ಎಳೆಯುವಾಗ ಅವನ ತಮ್ಮ ಜಟ್ಟಪ್ಪ ಕಡಲಿಗೆ ಬಿದ್ದಿದ್ದ. ಹಗ್ಗ ಎಸೆಯುವಷ್ಟರಲ್ಲಿ ಸೆಳೆತ ಅವನನ್ನು ತೆಂಕಕ್ಕೆ ಒಯ್ದಿತ್ತು, ಗಾಳಿ ದೋಣಿಯನ್ನು ಬಡಗಕ್ಕೆ. ಈಗ ಎಂಟೂವರೆ.

ತಲೆಯೆಣಿಕೆ ಯಂತ್ರವಿಲ್ಲದ ದೋಣಿ ಈಗ ಬಂದರು ಬಿಡುವಂತಿಲ್ಲ. ಪ್ರತಿಯೊಬ್ಬನ ಮುಂಗೈಗೆ ಒಂದು ಪಟ್ಟಿ. ಅದು ಇಪ್ಪತ್ತು ಮೀಟರಿನಾಚೆಯೋ ನೀರೊಳಗೋ ಹೋದರೆ ಯಂತ್ರಕ್ಕೆ ಅದರ ಸುಳಿವು ಸಿಗುವುದಿಲ್ಲ. ಸುಳಿವು ತಪ್ಪಿದೊಡನೆ ಇಂಧನದ ಕವಾಟ ಮುಚ್ಚಿಕೊಳ್ಳುತ್ತದೆ. ಸ್ಟಾರ್ಟರಿಗೆ ಬ್ಯಾಟರಿ ಸಾಕು, ಆದ್ದರಿಂದ ಅದು ತಿರುಗುತ್ತದೆ. ಬಿದ್ದವನನ್ನು ಬಿಟ್ಟು ದೋಣಿಗಳು ಮುಂದೆ ಹೋದದ್ದುಂಟು. ಅದನ್ನು ತಡೆಯಲೆಂದೇ ಎಂಜಿನಿಯರ್ ಸುನೀತಿ ಹತ್ವಾರ್ ಇದನ್ನು ರೂಪಿಸಿದ್ದರು. ಇಂಧನವಿಲ್ಲದ ದೋಣಿ ಯಾರನ್ನೂ ಬಿಟ್ಟು ಹೋಗಲಾರದು. ಹುಡುಕಲೂ ಹೋಗಲಾರದು ಎಂಬುದು ಅವರಿಗೆ ಹೊಳೆದಿರಲಿಲ್ಲ.

“ರಕ್ಷಣಾ ದೋಣಿ ಮೂರು ಗಂಟೆಯಲ್ಲಿ ಬರುತ್ತದೆ,” ಎಂದರು ಸುನೀತಿ, ದಡದಿಂದ ರೇಡಿಯೊದಲ್ಲಿ.

“ಮೂರು ತಾಸು ಅಂವ ತೇಲುದಿಲ್ಲ ಅಮ್ಮಾ. ಅಂವಗೆ ಕಾಲು ಸೆಟೆದುಕೊಳ್ತದೆ. ಎಣ್ಣೆ ಬಿಡಿ.”

“ಇಲ್ಲಿಂದ ಆಗುವುದಿಲ್ಲ. ಯಾರೂ ಮೋಸ ಮಾಡಬಾರದೆಂದು ಕವಾಟವನ್ನು ಪಂಪಿನೊಳಗೇ ಇಟ್ಟು ಮುಚ್ಚಿದ್ದೇವೆ. ಒಂದು ದಾರಿ ಇದೆ. ನೀವೂ ಇನ್ನಿಬ್ಬರೂ ಅವನು ಸತ್ತನೆಂದು ಯಂತ್ರಕ್ಕೆ ಹೇಳಬೇಕು. ಆಗ ಅದು ಆರೇ ಜನವೆಂದು ತಿಳಿಯುತ್ತದೆ,” ಎಂದರು.

“ಹೇಳಿದ್ದು ಮನೆಗೂ ಹೋಗ್ತದ್ಯಾ?”

“ಅವನ ಹೆಂಡತಿಯ ಫೋನಿಗೆ, ತಕ್ಷಣ. ತಡೆಯುವ ಗುಂಡಿ ಇಟ್ಟಿಲ್ಲ.”

ಗಿರಿಯನೂ ಇನ್ನೊಬ್ಬನೂ ಹೇಳಿ ಮುಗಿಸಿದರು. ಮಾಸ್ತಿ ಯಂತ್ರದ ಹತ್ತಿರ ಬಾಯಿ ತಂದು ನಿಂತ. ಗಂಡಸರು ಕಡಲಲ್ಲಿದ್ದಾಗ ಅವರ ಮನೆಯಲ್ಲಿ ಆ ಮಾತನ್ನು ಕೋಳಿಯ ವಿಷಯಕ್ಕೂ ಆಡುತ್ತಿರಲಿಲ್ಲ.

“ಹೇಳಿ ತಂಡೇಲರೆ. ಬ್ಯಾಟರಿ ಇನ್ನೆರಡು ಸಲಕ್ಕೆ ಅದೆ. ಬದುಕಿದ್ರೆ ಅಂವ ಆಮೇಲೆ ಬೈಕೊಳ್ಲಿ.”

“ಜಟ್ಟಪ್ಪ ಸತ್ತ,” ಎಂದ ಮಾಸ್ತಿ.

ಗಿರಿಯ ಸ್ಟಾರ್ಟರ್ ಒತ್ತಿದ. ಎಂಜಿನ್ ಹೊತ್ತಿಕೊಂಡಿತು.

ಒಂಬತ್ತೂಕಾಲಿಗೆ ಜಟ್ಟಪ್ಪ ಸಿಕ್ಕಿದ. ಬಲೆಯ ಎರಡು ತೇಲುಗುಂಡುಗಳನ್ನು ಕಂಕುಳಿಗೆ ಸಿಕ್ಕಿಸಿಕೊಂಡಿದ್ದ, ಬಲಗಾಲು ಮರದಂತಾಗಿತ್ತು. ಅವನನ್ನು ಮೇಲೆಳೆದೊಡನೆ ಎಂಜಿನ್ ನಿಂತಿತು. ಪರದೆ ಹೇಳಿತು: ‘ಮೃತನ ಪಟ್ಟಿ. ವಂಚನೆಯ ಶಂಕೆ.’

ಮಾಸ್ತಿ ಮೀನು ಕೊಯ್ಯುವ ಕತ್ತಿಯಿಂದ ತಮ್ಮನ ಕೈಪಟ್ಟಿ ಕತ್ತರಿಸಿ ಕಡಲಿಗೆಸೆದ.

“ಪಟ್ಟಿ ಕತ್ತರಿಸಿದ್ರೆ ಜೈಲು ಅದೆ,” ಎಂದ ಜಟ್ಟಪ್ಪ, ಹಲ್ಲು ಕಟಕಟಿಸುತ್ತ.

“ಸತ್ತವನ್ನ ಯಾವ ಜೈಲಿಗೆ ಹಾಕ್ತಾರೆ? ಸುಮ್ನೆ ಮಲಗು.”

ಕೊನೆಯ ಸಲಕ್ಕೆ ಬ್ಯಾಟರಿ ಸಾಕಾಯಿತು.

ದೋಣಿ ಕಟ್ಟುವ ಧಕ್ಕೆಯಲ್ಲಿ ಜಟ್ಟಪ್ಪನ ಹೆಂಡತಿ ನಾಗವೇಣಿ ನಿಂತಿದ್ದಳು. ಬಳೆ ಒಡೆದುಕೊಂಡ ಕೈಯಲ್ಲಿ ಗೀರುಗಳಿದ್ದವು. ಗಂಡನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ಆಮೇಲೆ ಮಾಸ್ತಿಯ ಕಡೆಗೆ ತಿರುಗಿ, “ಬಾಯಿಗೆ ಬೇರೆ ಮಾತೇ ಸಿಗ್ಲಿಲ್ವ ಭಾವ?” ಎಂದಳು.

ಮುಂದಿನ ಆರು ತಿಂಗಳಲ್ಲಿ ಆ ಬಂದರಿನ ಯಾವ ದೋಣಿಯಲ್ಲೂ ಒಂದು ತಲೆ ಕಡಿಮೆಯಾದ ದಾಖಲೆ ಬರಲಿಲ್ಲ. ಇಷ್ಟು ಚೆನ್ನಾಗಿ ಯಾವ ಯಂತ್ರವೂ ಕೆಲಸ ಮಾಡುವುದಿಲ್ಲವೆಂದು ತಿಳಿದಿದ್ದ ಸುನೀತಿ ನೋಡಲು ಬಂದರು. ಮಾಸ್ತಿಯ ದೋಣಿಯಲ್ಲಿ, ಒಲೆಯ ಮೇಲಿನ ಮೊಳೆಗೆ ಆರು ಕೈಪಟ್ಟಿಗಳು ನೇತಾಡುತ್ತಿದ್ದವು. ಪರದೆಯಲ್ಲಿ ‘ಆರರಲ್ಲಿ ಆರು.’

“ಎಲ್ಲ ದೋಣಿಯಲ್ಲೂ ಹೀಗೇನಾ?”

“ಪಟ್ಟಿ ಕಟ್ಟಿದ್ರೆ ಉಪ್ಪುನೀರಿಗೆ ಕೈ ಕಡಿತದೆ,” ಎಂದ ಗಿರಿಯ.

“ಏಳನೆಯದು?”

“ಸತ್ತವರಿಗೆ ಹೊಸ ಪಟ್ಟಿ ಇಲ್ಲ ಹೇಳಿ ನಿಮ್ಮ ಯಂತ್ರವೇ ಹೇಳ್ತು.”

ಸತ್ತವನು ಬದುಕಿದ್ದಾನೆಂದು ನಮೂದಿಸಲು ಅವರು ಯಂತ್ರದಲ್ಲಿ ಜಾಗವನ್ನೇ ಬಿಟ್ಟಿರಲಿಲ್ಲ. ಸುನೀತಿ ಬರೆಯಲು ತೆರೆದ ಪುಸ್ತಕವನ್ನು ಮುಚ್ಚಿ ಧಕ್ಕೆಗೆ ಇಳಿದರು. ದೋಣಿಯಲ್ಲಿ ಮಾಸ್ತಿ ಒಬ್ಬೊಬ್ಬರ ಮುಖ ನೋಡಿ ಹೆಸರು ಕರೆಯುತ್ತಿದ್ದ. ಕೊನೆಗೆ, “ಜಟ್ಟಪ್ಪ.”

“ಸತ್ತ,” ಎಂದಿತು ಹಿಂದಿನಿಂದ ದನಿ. ಉಳಿದವರು ನಕ್ಕರು.

ಮಾಸ್ತಿ ನಗಲಿಲ್ಲ. “ಸಮ ಹೇಳು.”

“ಇದ್ದೇನೆ ಅಣ್ಣ, ಇದ್ದೇನೆ.”

ಆಮೇಲೆ ಗಿರಿಯ ಸ್ಟಾರ್ಟರ್ ಒತ್ತಿದ.