ಶಾಲ್ಮಲಾಳ ಕಣ್ಣಳತೆ

ಹುಬ್ಬಳ್ಳಿಯ ಅಂಗಡಿಯೊಂದರಲ್ಲಿ ಗಿರಾಕಿಯೊಬ್ಬ ಎರಡು ಪರದೆಗಳ ಎದುರು ಕುಳಿತಿದ್ದ. ಒಂದನ್ನು ನಡೆಸುತ್ತಿದ್ದದ್ದು ಅವನು ಮನೆಯಿಂದ ತಂದ ಐದು ವರ್ಷ ಹಳೆಯ ಗ್ರಾಫಿಕ್ಸ್ ಕಾರ್ಡ್, ಇನ್ನೊಂದನ್ನು ಏಳು ಲಕ್ಷದ ಹೊಸ ಕಾರ್ಡ್. ನಡುವೆ ಬೆಂಕಿಪೊಟ್ಟಣದಷ್ಟೇ ಇದ್ದ ಯಂತ್ರವೊಂದು ಅವನ ಕಣ್ಣನ್ನೇ ನೋಡುತ್ತಿತ್ತು. ಕಣ್ಣಪಾಪೆ ಎಲ್ಲಿ ಹಿಗ್ಗಿತು, ಎಲ್ಲಿ ನಿಂತಿತು, ಎಲ್ಲಿ ಜಾರಿತು ಎಂದು ಅಳೆದು, ಚಿತ್ರದ ನೂರು ಪಾಲಿನಲ್ಲಿ ಎಷ್ಟು ಪಾಲು ನೋಡುವವನಿಗೆ ನಿಜವಾಗಿ ದಕ್ಕಿತು ಎಂಬುದನ್ನು ಅದು ಅಂಕಿಯಲ್ಲಿ ಹೇಳುತ್ತಿತ್ತು. ಹಳೆಯ ಕಾರ್ಡಿಗೆ ತೊಂಬತ್ತು ಬಂತು. ಹೊಸದಕ್ಕೂ ತೊಂಬತ್ತೇ ಬಂತು. ಗಿರಾಕಿ ಹಳೆಯದನ್ನು ಚೀಲಕ್ಕೆ ಹಾಕಿಕೊಂಡು ಮನೆಗೆ ನಡೆದ.

ಆ ಯಂತ್ರದ ಹೆಸರು ಕಣ್ಣಳತೆ. 2058ರಲ್ಲಿ ಅದು ಮಾರುಕಟ್ಟೆಗೆ ಬರುವ ಮುಂಚೆ, ಕಂಪ್ಯೂಟರ್ ಇಟ್ಟುಕೊಂಡವರಿಗೆ ವರ್ಷಕ್ಕೊಮ್ಮೆ ಕಾರ್ಡ್ ಬದಲಿಸದಿದ್ದರೆ ನಾಲ್ಕು ಜನರ ನಡುವೆ ತಲೆ ಎತ್ತಲಾಗುತ್ತಿರಲಿಲ್ಲ. ಹೆಣ್ಣು ಕೊಡುವವರೂ ಹುಡುಗನ ಕಾರ್ಡ್ ಎಷ್ಟನೇ ತಲೆಮಾರಿನದು ಎಂದು ಮೆಲ್ಲಗೆ ವಿಚಾರಿಸುತ್ತಿದ್ದರಂತೆ. ಈಗ ಜನ ಹಳೆಯದರ ಧೂಳು ಊದಿ ಅದನ್ನೇ ಬಳಸುತ್ತಿದ್ದರು. ಪತ್ರಿಕೆಗಳು ಅದನ್ನು ರೂಪಿಸಿದ ಶಾಲ್ಮಲಾ ಬಡಿಗೇರಳನ್ನು ಜನೋಪಕಾರಿ ವಿಜ್ಞಾನಿ ಎಂದು ಹೊಗಳಿದವು.

ಉಪಕಾರವೂ ಇಲ್ಲ, ಮಣ್ಣೂ ಇಲ್ಲ. ಅವಳು ಅದನ್ನು ಮಾಡಿದ್ದು ಸೇಡಿಗಾಗಿ.

ಹನ್ನೊಂದು ವರ್ಷಗಳ ಹಿಂದೆ ಅವಳು ದಿವ್ಯಾಕ್ಷ ಎಂಬ ಗ್ರಾಫಿಕ್ಸ್ ಕಾರ್ಡ್ ಕಂಪನಿಯಲ್ಲಿ ಕೆಲಸಕ್ಕಿದ್ದಳು. ಈ ವರ್ಷದ ಕಾರ್ಡಿಗೂ ಹೋದ ವರ್ಷದ್ದಕ್ಕೂ ಇರುವ ವ್ಯತ್ಯಾಸ ಮನುಷ್ಯನ ಕಣ್ಣಿಗೆ ಕಾಣುವಂಥದ್ದಲ್ಲ ಎಂದು ವರದಿ ಬರೆದಳು. ಕಂಪನಿಯ ಯಜಮಾನ ಚೇತನ್ ಇನಾಮದಾರ ಅದನ್ನು ಇನ್ನೂರು ಜನರ ಸಭೆಯಲ್ಲಿ ಎರಡು ಬೆರಳಲ್ಲಿ ಎತ್ತಿ ಹಿಡಿದು, "ಶಾಲ್ಮಲಾ ಅವರ ಕಣ್ಣಿಗೆ ಪೊರಿ ಬಂದದ. ಮೊದಲು ಆಪರೇಶನ್ ಮಾಡಿಸ್ಕೋರಿ, ಆಮ್ಯಾಲೆ ವರದಿ ಬರೀರಿ" ಎಂದಿದ್ದ. ಇನ್ನೂರು ಜನ ನಕ್ಕರು. ಮರುದಿನ ಅವಳ ಕೆಲಸ ಹೋಯಿತು. ಆ ನಗು ಮಾತ್ರ ಹೋಗಲಿಲ್ಲ. ಉಣ್ಣುವಾಗ, ಮಲಗುವಾಗ ಕಿವಿಯಲ್ಲೇ ಇತ್ತು. ಇನಾಮದಾರನನ್ನು ಅಂಥದೇ ಸಭೆಯಲ್ಲಿ, ಅದೇ ಜನರ ಎದುರು ನಗೆಪಾಟಲು ಮಾಡದೆ ತನಗೆ ನೆಮ್ಮದಿಯಿಲ್ಲ ಎಂದು ಅವಳು ಹಲ್ಲು ಕಚ್ಚಿ ದುಡಿದಳು.

ಆ ದಿನವನ್ನು ಇನಾಮದಾರನೇ ತಂದುಕೊಟ್ಟ. ಮಾರಾಟ ನೆಲಕಚ್ಚಿದಾಗ, ತನ್ನ ಎಂಟನೇ ತಲೆಮಾರಿನ ಕಾರ್ಡನ್ನು ಆಯುಧಪೂಜೆಯ ದಿನ ಎಲ್ಲರೆದುರು ಬಿಡುಗಡೆ ಮಾಡುತ್ತೇನೆ, ಬಡಿಗೇರ ಬಾಯಿಯವರು ತಮ್ಮ ಯಂತ್ರ ತಂದು ಅಲ್ಲೇ ಅಳೆಯಲಿ ಎಂದು ಸವಾಲು ಹಾಕಿದ. ಶಾಲ್ಮಲಾ ರೇಷ್ಮೆ ಸೀರೆ ಉಟ್ಟು ಹೋದಳು.

ಮುನ್ನೂರು ಜನ ಸೇರಿದ್ದ ಸಭಾಂಗಣದಲ್ಲಿ ಎರಡು ದೊಡ್ಡ ಪರದೆಗಳಿದ್ದವು, ಒಂದು ಹಳೆಯ ಕಾರ್ಡಿನದು, ಇನ್ನೊಂದು ಹೊಸದರದು. ಎರಡರಲ್ಲೂ ತೋರಿಸಲಿದ್ದದ್ದು ಒಬ್ಬ ಅಜ್ಜಿ ಕಿಟಕಿಯ ಬಳಿ ಕುಳಿತು ಸೀರೆಗೆ ಕಸೂತಿ ಹಾಕುವ ದೃಶ್ಯ. ಬೆಳಕಿನ ಒಂದೊಂದು ಕಿರಣವೂ ಎಲ್ಲಿ ಬಿದ್ದು ಎಲ್ಲಿಗೆ ಪುಟಿಯುತ್ತದೆ ಎಂದು ಲೆಕ್ಕ ಹಾಕಿ ಚಿತ್ರ ಬಿಡಿಸುವುದು ಇಂಥ ಕಾರ್ಡುಗಳ ಕೆಲಸ. ನೂಲಿನಷ್ಟು ಕಷ್ಟದ ಪರೀಕ್ಷೆ ಅದಕ್ಕೆ ಬೇರೆ ಇಲ್ಲ. ಕಣ್ಣಳತೆಯನ್ನು ಮುಂದಿನ ಸಾಲುಗಳವರ ಕಣ್ಣು ಒಟ್ಟಿಗೆ ಅಳೆಯುವಂತೆ ಮೇಜಿನ ಮೇಲಿಟ್ಟರು. ಮೊದಲು ಎಲ್ಲರೂ ಹಳೆಯ ಕಾರ್ಡಿನ ಪರದೆ ನೋಡಿದರು. ತೊಂಬತ್ತೊಂದು ಬಂತು.

ಪೂಜೆಯಾಗದೆ ಹೊಸ ಕಾರ್ಡ್ ಚಾಲೂ ಮಾಡುವ ಪದ್ಧತಿ ಅಲ್ಲಿರಲಿಲ್ಲ. ಕಾಯಿ ಒಡೆದು, ಆರತಿ ಎತ್ತಿ, ಕಂಪನಿಯ ಹೆಣ್ಣುಮಕ್ಕಳು ಮೇಜಿನ ಮೇಲಿದ್ದ ಯಂತ್ರಗಳಿಗೆಲ್ಲ ಅರಿಸಿನ ಕುಂಕುಮ ಹಚ್ಚಿದರು. ಆಮೇಲೆ ಹೊಸ ಪರದೆ ಹೊತ್ತಿಕೊಂಡಿತು. ಕಣ್ಣಳತೆ ಮತ್ತೆ ತೊಂಬತ್ತೊಂದು ಎಂದಿತು.

ಯಾರೋ ಕಿಸಕ್ಕನೆ ನಕ್ಕರು. ನಗು ಸಾಲಿನಿಂದ ಸಾಲಿಗೆ ಹಬ್ಬಿತು. ಇನಾಮದಾರನ ಮುಖ ಕಪ್ಪಿಟ್ಟಿತು. ಶಾಲ್ಮಲಾಳ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಅಷ್ಟರಲ್ಲಿ ಆ ಕಾರ್ಡನ್ನು ಆರು ವರ್ಷ ಕೂತು ರೂಪಿಸಿದ ಎಂಜಿನಿಯರ್ ಗಂಗಾಧರ ತಳವಾರ ಅವಳ ಹತ್ತಿರ ಬಂದ.

"ಮೇಡಂ, ನಂಬರ್ ಬಿಡ್ರಿ. ಒಂದ್ ಸಲ ಸ್ಕ್ರೀನ್ ನೋಡ್ರಿ."

"ಪೊರಿ ಬಂದಿರಬೇಕ್ರಿ ನಿಮಗ" ಎಂದಳು ಶಾಲ್ಮಲಾ, ಎಲ್ಲರಿಗೂ ಕೇಳುವಂತೆ. "ಆಪರೇಶನ್ ಮಾಡಿಸ್ಕೋರಿ."

ಜನ ಇನ್ನಷ್ಟು ನಕ್ಕರು. ಗಂಗಾಧರ ಹೋಗಿ ಪರದೆಯ ಎದುರು ನಿಂತ.

ಸಭೆ ಚದುರಿದ ಮೇಲೆ ಯಂತ್ರವನ್ನು ಪೆಟ್ಟಿಗೆಗೆ ಇಡುವಾಗ ಅವಳ ಬೆರಳಿಗೆ ಕುಂಕುಮ ಹತ್ತಿತು. ಸರಿಯಾಗಿ ಮಸೂರದ ಮೇಲೆಯೇ ಬೊಟ್ಟು ಇಟ್ಟಿದ್ದರು. ಎದುರಿನವರ ಕಣ್ಣು ಕಾಣದೇ ಹೋದರೆ ಯಂತ್ರ ಹಿಂದಿನ ಅಂಕಿಯನ್ನೇ ತೋರಿಸುತ್ತದೆ. ಅಂಗಡಿಯವರ ಕಿರಿಕಿರಿ ತಪ್ಪಲೆಂದು ಹಾಗೆ ಮಾಡಿಟ್ಟವಳು ಅವಳೇ. ಮಸೂರ ಒರೆಸಿ, ತಾನೇ ಹೊಸ ಪರದೆಯ ಎದುರು ಕೂತು ಅಳೆದಳು. ತೊಂಬತ್ತೇಳು ಬಂತು.

ಪೆಟ್ಟಿಗೆ ಮುಚ್ಚಿ ಹೊರಟುಬಿಟ್ಟರೆ ಮುಗಿಯಿತು. ಕುಂಕುಮದ ವಿಷಯ ಯಾರಿಗೂ ಗೊತ್ತಿರಲಿಲ್ಲ. ಹನ್ನೊಂದು ವರ್ಷ ಕಾದ ನಗು ಅದು. ಕೊಟ್ಟುಬಿಡಲು ಅವಳಿಗೆ ಸುತರಾಂ ಮನಸ್ಸಿರಲಿಲ್ಲ. ಆದರೆ ಗಂಗಾಧರ ಇನ್ನೂ ಅಲ್ಲೇ, ಅವಳಿಗೆ ಬೆನ್ನು ಹಾಕಿ ಪರದೆ ನೋಡುತ್ತ ನಿಂತಿದ್ದ. ಅಂದು ವರದಿ ಎತ್ತಿಕೊಂಡು ಹೊರಬಿದ್ದಾಗ ತನ್ನ ಬೆನ್ನೂ ಹೀಗೆಯೇ ಕಂಡಿರಬೇಕು ಎನ್ನಿಸಿತು. ಅದಕ್ಕಿಂತ ಕೆಟ್ಟ ಯೋಚನೆಯೊಂದು ಹಿಂದೆಯೇ ಬಂತು. ಮುನ್ನೂರು ಜನರ ಕಣ್ಣೆದುರೇ ಎರಡೂ ಪರದೆಗಳಿದ್ದವು, ಯಾರೂ ಹೋಲಿಸಿ ನೋಡಲಿಲ್ಲ. ಎಲ್ಲರೂ ಅಂಕಿ ನೋಡಿದರು. ಕಣ್ಣಿನ ವಿಜ್ಞಾನಿ ಎನಿಸಿಕೊಂಡ ಅವಳು ಇನಾಮದಾರನ ಮುಖ ನೋಡುತ್ತಿದ್ದಳು.

ಅವಳು ಇನಾಮದಾರನ ಕೋಣೆಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು, ನಾಳೆ ಪತ್ರಿಕೆಗಳಿಗೂ ಹೇಳುತ್ತೇನೆ ಎಂದಳು. ಅವನು ಕೇಳಿದ್ದು ಒಂದೇ ಪ್ರಶ್ನೆ.

"ಎಷ್ಟು ಬಂತು?"

"ತೊಂಬತ್ತೇಳು."

ಅವನು ಕೂಡಲೇ ಫೋನ್ ಎತ್ತಿಕೊಂಡ. "ರೇಟು ಏಳು ಬ್ಯಾಡ, ಒಂಬತ್ತು ಲಕ್ಷ ಮಾಡ್ರಿ. ಡಬ್ಬಿ ಮ್ಯಾಲೆ ತೊಂಬತ್ತೇಳು ಅಂತ ದಪ್ಪಗ ಬರೀರಿ." ಹೊರಡುವಾಗ ಸಭಾಂಗಣದ ನಡುವೆಯೇ ಹಾದುಹೋದರೂ ಪರದೆಯತ್ತ ಅವನು ತಿರುಗಲಿಲ್ಲ.

ಶಾಲ್ಮಲಾ ಗಂಗಾಧರನ ಪಕ್ಕ ಬಂದು ತಪ್ಪಾಯಿತೆಂದಳು, ಎಲ್ಲಿ ನೋಡಬೇಕು ಎಂದು ಕೇಳಿದಳು. ಅವನು ಸೂಜಿಯ ನೆರಳನ್ನು ತೋರಿಸಿದ. ಹಳೆಯ ಪರದೆಯಲ್ಲಿ ನೆರಳು ಕಪ್ಪಗಿತ್ತು. ಹೊಸದರಲ್ಲಿ ಅದಕ್ಕೆ ಸೀರೆಯ ಕೆಂಪು ತಾಗಿತ್ತು. ಇಬ್ಬರೂ ಬಹಳ ಹೊತ್ತು ಅದನ್ನು ನೋಡಿದರು.

ಮುಂದಿನ ತಿಂಗಳು ಅವಳು ಕಣ್ಣಳತೆಯನ್ನು ಬದಲಿಸಿದಳು. ಯಾವ ಪರದೆ ಮೇಲು, ಯಾಕೆ ಎಂದು ಗಿರಾಕಿ ಮೊದಲು ತನ್ನ ಬಾಯಲ್ಲೇ ಹೇಳಬೇಕು, ಆಮೇಲಷ್ಟೇ ಅಂಕಿ. ಅಂಗಡಿಗಳಿಂದ ಯಂತ್ರಗಳು ರಾಶಿರಾಶಿಯಾಗಿ ವಾಪಸ್ ಬಂದವು. ತಮ್ಮ ಕಣ್ಣಿಗೆ ಏನು ಕಂಡಿತು ಎಂದು ಕೇಳಿದರೆ ಜನ ಅವಮಾನವಾದಂತೆ ಎದ್ದು ಹೋಗುತ್ತಾರೆ, ಅಂಕಿಯನ್ನಷ್ಟೇ ಹೇಳುವ ಹಳೆಯದನ್ನೇ ಕೊಡಿ ಎಂದು ಅಂಗಡಿಯವರು ಗೋಗರೆದರು. ಅವಳು ಕೊಡಲಿಲ್ಲ.

ಕೊಟ್ಟವನು ಇನಾಮದಾರ. ಅವನು ಮಾಡಿಸಿದ ಯಂತ್ರ ಯಾರ ಕಣ್ಣನ್ನೂ ನೋಡುತ್ತಿರಲಿಲ್ಲ. ಅಂಕಿ ಮಾತ್ರ ದೊಡ್ಡದಾಗಿ ತೋರಿಸುತ್ತಿತ್ತು, ವರ್ಷ ವರ್ಷ ಇನ್ನೂ ದೊಡ್ಡದನ್ನು. ಜನ ಸಾಲು ನಿಂತು ಕಾರ್ಡ್ ಕೊಂಡರು.