ಕೀಗೆ ಕಟ್ಟಿದ ಕೆಂಪು ಬಟ್ಟೆ

ಮಂಗಳವಾರ ಸಂಜೆ 4.10ಕ್ಕೆ ಸರೋವರದ ದಂಡೆಯ ಠಾಣೆಗೆ ಬೋಟ್ ಕ್ಲಬ್ಬಿನ ಮಾಲೀಕ ಏದುಸಿರು ಬಿಡುತ್ತ ಬಂದ. ಅವನ ಜೆಟ್ ಬೋಟ್ ಕಳುವಾಗಿತ್ತು.

“ಕೊನೇ ಸಲ ನೋಡಿದ್ದು ಯಾವಾಗ?” ಇನ್ಸ್‌ಪೆಕ್ಟರ್ ಮೇಡಂ ಕೇಳಿದರು.

“ಎರಡು ಗಂಟೆಗೆ, ಊಟಕ್ಕೆ ಹೋಗೋವಾಗ. ಎಂಜಿನ್ ಕೆಟ್ಟು ವಾರ ಆಯ್ತು. ನಾಳೆ ಆಚೆ ದಡಕ್ಕೆ ಎಳಿಸಿ, ಕೊಂಡವರಿಗೆ ಒಪ್ಪಿಸಬೇಕಿತ್ತು.”

“ಕೆಟ್ಟ ಬೋಟನ್ನ ಯಾರ್ರೀ ಕದೀತಾರೆ?”

“ನನ್ನ ತಲೆ ಕೆಟ್ಟಿರೋದೂ ಅದಕ್ಕೇ ಮೇಡಂ.”

4.25ಕ್ಕೆ ಎಫ್‌ಐಆರ್ ದಾಖಲಾಯಿತು. ಮೇಡಂ ಪೊಲೀಸ್ ಬೋಟ್ ಓಡಿಸುವ ಪೇದೆಯೊಂದಿಗೆ ಕ್ಲಬ್ಬಿಗೆ ಹೋದರು. ಠಾಣೆಯಲ್ಲಿ ಅವನಿಗೆ ರಾಕೆಟ್ ಎಂದೇ ಹೆಸರು. ನಿಧಾನ ಎಂಬುದು ಅವನಿಗೆ ಆಗಿಬರದ ಮಾತು.

ಸ್ಥಳ ಪಂಚನಾಮೆಯಲ್ಲಿ ಮೂರು ಸಂಗತಿ ಬರೆದುಕೊಂಡರು. ಹಗ್ಗ ಕತ್ತರಿಸಿಲ್ಲ, ಬಿಚ್ಚಿದ್ದಾರೆ. ಹುಟ್ಟು ಹಾಕುವ ದೋಣಿಯೊಂದೂ ಕಾಣೆಯಾಗಿದೆ. ಜೆಟ್ ಬೋಟಿನ ಕೀ ಮಾತ್ರ ವರ್ಕ್‌ಶಾಪಿನ ಮೊಳೆಯಲ್ಲೇ ಇದೆ, ಅದಕ್ಕೊಂದು ಕೆಂಪು ಬಟ್ಟೆಯ ಚೂರು ಕಟ್ಟಿದೆ.

“ಈ ಬಟ್ಟೆ ಏನು?”

ಕ್ಲಬ್ಬಿನ ಕಾವಲುಗಾರ ಯೋಚಿಸದೆ ಬಾಯಿಬಿಟ್ಟ. “ಜೆಟ್ ಬೋಟ್ ಎಳೆಯುವಾಗ ಅಡಿಯಿಂದ ನೀರು ನುಗ್ಗಿ ಎಂಜಿನ್ ಒಳಗೇ ಹೋಗುತ್ತೆ ಮೇಡಂ. ಅದಕ್ಕೆ ನೀರಿನ ಪೈಪಿಗೆ ಕ್ಲಾಂಪ್ ಹಾಕ್ತಾರೆ. ಅದನ್ನ ಬಿಚ್ಚದೆ ಸ್ಟಾರ್ಟ್ ಮಾಡಿದ್ರೆ ಎಂಜಿನ್ ಕಾದು ಸುಟ್ಟೋಗುತ್ತೆ. ಯಾರೂ ಮರೀಬಾರದು ಅಂತ ನಮ್ಮ ಎಂಜಿನ್ ಮೇಸ್ತ್ರಿ ಕೀಗೆ ಕೆಂಪು ಬಟ್ಟೆ…” ಎಂದವನು ನಾಲಿಗೆ ಕಚ್ಚಿಕೊಂಡ.

ಕದಿಯುವವನು ಯಾರಾದರೂ ಎಚ್ಚರಿಕೆ ಕಟ್ಟಿಟ್ಟು ಹೋಗುತ್ತಾನೆಯೇ? ಮೇಡಂ ಮಾಲೀಕನತ್ತ ತಿರುಗಿದರು.

“ಮೇಸ್ತ್ರಿ ಎಲ್ಲಿ?”

“ಬೆಳಿಗ್ಗೆಯೇ ಕೆಲಸದಿಂದ ತೆಗೆದೆ. ಸ್ಪೀಡ್ ಬೋಟಿಗೆ ಕಟ್ಟಿ ಅರ್ಧ ಗಂಟೆಯಲ್ಲಿ ಎಳ್ಕೊಂಡು ಹೋಗ್ತೀನಿ ಅಂದೆ. ನಡೆಯೋ ವೇಗದಲ್ಲೇ ಎಳೀಬೇಕು, ಜೋರಾದ್ರೆ ಕ್ಲಾಂಪ್ ಇದ್ರೂ ನೀರು ನುಗ್ಗುತ್ತೆ ಅಂತ ಹಟ ಹಿಡಿದ. ಇಡೀ ದಿನ ಪುರುಸೊತ್ತು ಯಾರಿಗಿದೆ?”

ಹುಟ್ಟು ಹಾಕಿಕೊಂಡು ಹೋದವನು ಬಹಳ ದೂರ ಹೋಗಿರಲಾರ. 5.05ಕ್ಕೆ ಪೊಲೀಸ್ ಬೋಟ್ ಹೊರಟಿತು. ಜೊಂಡಿನ ತಿರುವು ದಾಟುತ್ತಲೇ, ನಡುನೀರಿನಲ್ಲಿ ಒಬ್ಬ ಮುದುಕ ಹುಟ್ಟು ಹಾಕುತ್ತಿದ್ದುದು ಕಂಡಿತು. ಹಿಂದೆ ಉದ್ದ ಹಗ್ಗದ ತುದಿಯಲ್ಲಿ ಜೆಟ್ ಬೋಟು ಸದ್ದಿಲ್ಲದೆ ಬರುತ್ತಿತ್ತು. ಅವನ ಅಂಗೈಯ ಚರ್ಮ ಕಿತ್ತುಬಂದಿತ್ತು.

“ಎಲ್ಲಿಗೆ?” ಮೇಡಂ ಕೇಳಿದರು.

“ಆಚೆ ದಡಕ್ಕೆ, ಕೊಂಡವರ ಹತ್ರ. ನಾಳೆ ಹೇಗೂ ಅಲ್ಲಿಗೇ ಹೋಗಬೇಕಿತ್ತಲ್ಲಮ್ಮ.”

ರಾಕೆಟ್ ತಲೆ ಕೆರೆದುಕೊಂಡ. ಕದ್ದ ಮಾಲನ್ನು ಕೊಂಡವರ ಮನೆಗೇ ತಲುಪಿಸುವ ಕಳ್ಳನನ್ನು ಅವನು ಕಂಡಿರಲಿಲ್ಲ.

“ಇಷ್ಟೆಲ್ಲ ಯಾಕೆ?”

ಮೇಸ್ತ್ರಿ ಹಗ್ಗ ಎಳೆದು ಜೆಟ್ ಬೋಟನ್ನು ಹತ್ತಿರ ತಂದು, ಎಂಜಿನ್ನಿನ ಮುಚ್ಚಳ ಎತ್ತಿದ. ಪ್ರತಿ ಬೋಲ್ಟಿನ ಮೇಲೂ ಬಿಳಿ ಬಣ್ಣದ ಸಣ್ಣ ಗೆರೆ. “ನಾನು ಬಿಗಿ ಮಾಡ್ತಿದ್ದೆ, ಬೋಲ್ಟ್ ಅಲುಗಿದ್ರೆ ಗೊತ್ತಾಗ್ಲಿ ಅಂತ ನನ್ನ ಹೆಂಡ್ತಿ ಗುರುತು ಹಾಕ್ತಿದ್ದಳು. ನಾವಿಬ್ರೂ ಸೇರಿ ಕೂಡಿಸಿದ ಕೊನೇ ಎಂಜಿನ್ ಇದು. ಕೆಂಪು ಬಟ್ಟೆ ಕಟ್ಟೋದೂ ಅವಳ ಅಭ್ಯಾಸವೇ. ಅವಳು ಹೋಗಿ ಹತ್ತು ತಿಂಗಳಾಯ್ತು. ಇದಕ್ಕೆ ಕೆಟ್ಟಿರೋದು ಸಣ್ಣ ಭಾಗ, ಕೊಂಡವರು ಸರಿ ಮಾಡ್ಕೋತಾರೆ. ನೀರು ನುಗ್ಗಿದ್ರೆ ಪೂರ್ತಿ ಬಿಚ್ಚಿ ಗುಜರಿಗೆ ಹಾಕ್ತಾರೆ.”

ಮೇಡಂ ಬಿಳಿ ಗೆರೆಗಳನ್ನು ಬಗ್ಗಿ ನೋಡಿದರು. ಆದರೂ ದೂರು ದೂರೇ. 5.40ಕ್ಕೆ ದಸ್ತಗಿರಿ ಎಂದು ಬರೆದರು. ಜಪ್ತಿಯಾದ ಬೋಟನ್ನು ಠಾಣೆಯ ಕಟ್ಟೆಗೆ ಎಳೆಯಬೇಕಿತ್ತು. ಮೇಸ್ತ್ರಿ ಕ್ಲಾಂಪ್ ಇನ್ನೊಮ್ಮೆ ಮುಟ್ಟಿ ನೋಡಿ, ಪೊಲೀಸ್ ಬೋಟಿನಲ್ಲಿ ಹಗ್ಗದ ಕಡೆಗೇ ಮುಖಮಾಡಿ ಕೂತ.

“ಎಷ್ಟು ಸ್ಪೀಡಪ್ಪ?” ರಾಕೆಟ್ ಕೇಳಿದ್ದು ಮೇಡಂ ಅವರನ್ನಲ್ಲ, ಆರೋಪಿಯನ್ನು.

“ಪಕ್ಕದಲ್ಲಿ ವಯಸ್ಸಾದ ತಾಯಿ ನಡೀತಿದ್ದಾರೆ ಅಂದ್ಕೋ.”

ಹನ್ನೊಂದು ನಿಮಿಷದ ದಾರಿಗೆ ಒಂದು ಗಂಟೆ ಹಿಡಿಯಿತು. ರಾಕೆಟ್ ಒಮ್ಮೆಯೂ ಗೊಣಗಲಿಲ್ಲ.

ಜಪ್ತಿ ಪಂಚನಾಮೆಯನ್ನು ಮೇಡಂ ತಾವೇ ಬರೆದರು. ಕೆಂಪು ಬಟ್ಟೆ ಹೊರಗೆ ಕಾಣುವಂತೆ ಬಿಟ್ಟು ಕೀಗೆ ಅರಗಿನ ಮುದ್ರೆ ಹಾಕಿ, ಬರೆದದ್ದನ್ನು ಗಟ್ಟಿಯಾಗಿ ಓದಿ ಹೇಳಿದರು: “ಎಂಜಿನ್ನಿನೊಳಗೆ ನೀರಿಲ್ಲ. ಬೋಲ್ಟುಗಳ ಮೇಲೆ ಬಿಳಿ ಗುರುತು ಇಪ್ಪತ್ತೆರಡು, ಎಲ್ಲವೂ ಇದ್ದ ಜಾಗದಲ್ಲೇ ಇವೆ.”

ಮೇಸ್ತ್ರಿ ಪೆನ್ನು ಹಿಡಿದವನು ಸಹಿ ಹಾಕಲಿಲ್ಲ.

“ಅದನ್ನ ಇನ್ನೊಂದು ಸಲ ಓದ್ತೀರಾಮ್ಮ?”

ಮೇಡಂ ಓದಿದರು.